ಇಪ್ಪತ್ತೊಂದು ಹೆಸರು

ಜೂನ್ 10, 2024, ಸೋಮವಾರ

ಶಾಲೆ ತೆರೆದು ಎರಡು ವಾರವಾಗಿಲ್ಲ, ಇವತ್ತು ಮೂರನೆಯ ಟಿ.ಸಿ. ಬರೆದುಕೊಟ್ಟೆ. ಬಂದವಳು ಹೂ ಮಾರುವ ಹೆಂಗಸು. "ಬೇಜಾರ್ ಮಾಡ್ಕೋಬೇಡಿ ಮೇಡಂ, ನಮ್ ಬೀದೀಲಿ ಎಲ್ರೂ ಇಂಗ್ಲಿಷ್ ಮೀಡಿಯಂಗೆ ಹಾಕ್ತಾವ್ರೆ" ಎಂದಳು. ಬೇಜಾರಿಲ್ಲ ಎಂದೆ. ಸುಳ್ಳು. ನಾನು ಮುಖ್ಯೋಪಾಧ್ಯಾಯಿನಿಯಾಗಿ ಈ ಚಾಮರಾಜಪೇಟೆ ಶಾಲೆಗೆ ಬಂದಾಗ ನೂರಾ ಎಂಬತ್ತು ಮಕ್ಕಳಿದ್ದರು. ಈಗ ಒಂದರಿಂದ ಐದನೇ ತರಗತಿವರೆಗೆ ನಲವತ್ತೊಂದು. ಮೇಷ್ಟರು ಅಂತ ಇರುವುದು ನಾನು ಮತ್ತು ವಾದಿರಾಜ, ಇಬ್ಬರೇ.

ಮಧ್ಯಾಹ್ನ ಶಿಕ್ಷಣಾಧಿಕಾರಿ ಚಲುವರಾಜು ಫೋನ್ ಮಾಡಿದರು. ವಿಲೀನದ ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರಿದೆಯಂತೆ. ಮುಂದಿನ ವರ್ಷದಿಂದ ನಮ್ಮ ಮಕ್ಕಳು ಸಿರ್ಸಿ ಸರ್ಕಲ್ ದಾಟಿ ಆಚೆಯ ಶಾಲೆಗೆ ಹೋಗಬೇಕು. ಆ ಸರ್ಕಲ್ ದಾಟುವಾಗ ನಾನೇ ಪಕ್ಕದವರ ಕೈ ಹಿಡಿಯುತ್ತೇನೆ, ಒಂದನೇ ತರಗತಿಯ ಮಗು ಹೇಗೆ ದಾಟೀತು? ಗಂಡುಮಕ್ಕಳನ್ನು ಹೇಗೋ ಕಳಿಸಿಯಾರು. ಹೆಣ್ಣುಮಕ್ಕಳನ್ನು ಮನೆಯಲ್ಲೇ ಕೂರಿಸುತ್ತಾರೆ, ಅದು ನನಗೆ ಗೊತ್ತು.

ಒಂದು ದಾರಿಯಿದೆ ಎಂದರು. ಯಾವುದೋ ವಿಶ್ವವಿದ್ಯಾಲಯದವರು ಊರಿನ ಐದು ಸರ್ಕಾರಿ ಶಾಲೆಗಳನ್ನು ನೋಡಿ, ಎರಡನ್ನು ಆರಿಸಿ, ಮೂರು ವರ್ಷ ಜೊತೆಗಿದ್ದು ಮೇಲೆತ್ತುತ್ತಾರಂತೆ. ಅವರು ಆರಿಸಿದ ಶಾಲೆಯನ್ನು ಆ ಮೂರು ವರ್ಷ ಮುಚ್ಚುವ ಹಾಗಿಲ್ಲ. "ಚೆನ್ನಾಗಿ ತೋರಿಸ್ಕೊಳಿ ಮೇಡಂ" ಎಂದರು. ತೋರಿಸಿಕೊಳ್ಳುವುದನ್ನು ನನಗೆ ಹೇಳಿಕೊಡಬೇಕೇ? ಮುಂದಿನ ಮೇ ತಿಂಗಳಿಗೆ ನನ್ನ ನಿವೃತ್ತಿ. ನನ್ನ ಕೈಯಲ್ಲಿ ಶಾಲೆ ಮುಚ್ಚಿತು ಅನ್ನಿಸಿಕೊಂಡು ಮನೆಗೆ ಹೋಗುವವಳಲ್ಲ ಈ ಗುರುಬಸಮ್ಮ.

ಜೂನ್ 19, ಬುಧವಾರ

ವಿಶ್ವವಿದ್ಯಾಲಯದವರು ಬಂದಿದ್ದರು. ಪ್ರೊಫೆಸರ್ ಮೈತ್ರೇಯಿ ಎಂಬುವವರು, ಐವತ್ತರ ಆಸುಪಾಸು, ಮಾತು ಕಡಿಮೆ. ಜೊತೆಗೆ ಎಂ.ಎ. ಓದುವ ಒಬ್ಬಳು ಹುಡುಗಿ. ಮಲ್ಲೇಶ್ವರದವಳಂತೆ. ಕನ್ನಡದ ಒಂದು ವಾಕ್ಯದಲ್ಲಿ ಮೂರು ಇಂಗ್ಲಿಷ್. ಬಂದವಳೇ ಕುರ್ಚಿ ಬಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕುಳಿತಳು. ಹೊಸದಾಗಿ ಬಂದವರೆಲ್ಲ ಮೊದಲ ದಿನ ನೆಲದ ಮೇಲೆ ಕೂರುತ್ತಾರೆ, ಬಿಡಿ.

ಮಕ್ಕಳು ನನ್ನ ಮಾನ ಉಳಿಸಿದರು. ನಮ್ಮಲ್ಲಿ ಒಂದು ಕ್ರಮ ಇದೆ. ಹೊರಗಿನವರು ಏನೇ ಪ್ರಶ್ನೆ ಕೇಳಲಿ, ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾವು ಬಲಗೈಯವರನ್ನು ಮಾತ್ರ ಎಬ್ಬಿಸುತ್ತೇವೆ. ನಾನು ಕೆಲಸಕ್ಕೆ ಸೇರಿದ ವರ್ಷ ನನ್ನ ಹಿರಿಯ ಮೇಷ್ಟರೊಬ್ಬರು ಹೇಳಿಕೊಟ್ಟ ಉಪಾಯ ಇದು, ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಕೆಟ್ಟಿಲ್ಲ. ಇವತ್ತೂ ನಲವತ್ತೊಂದು ಕೈ ಮೇಲೆದ್ದವು. ಐದನೇ ತರಗತಿಯ ಮಾನ್ಯ ಎದ್ದು ಪದ್ಯವನ್ನು ಗಿಣಿಯ ಹಾಗೆ ಒಪ್ಪಿಸಿದಳು. ಪ್ರೊಫೆಸರ್ ಏನನ್ನೋ ಬರೆದುಕೊಂಡರು.

ಜೂನ್ 29, ಶನಿವಾರ

ಆ ಹುಡುಗಿ ನಂದಿತಾ ನಿನ್ನೆ ಸಂಜೆ ಬಂದು ಒಂದು ಲಕೋಟೆ ಕೊಟ್ಟು ಹೋಗಿದ್ದಳು. ಸೋಮವಾರದ ಓದಿನ ಪರೀಕ್ಷೆಯ ಹಾಳೆಗಳು. "ನಮ್ ಹಾಸ್ಟೆಲ್‌ನಲ್ಲಿ ಸೇಫ್ ಇಲ್ಲ ಮೇಡಂ, ನಿಮ್ ಬೀರೂನಲ್ಲಿ ಇಟ್ಕೊಂಡಿರ್ತೀರಾ?" ಅಂತ. ಮೂರು, ನಾಲ್ಕು, ಐದನೇ ತರಗತಿಯ ಇಪ್ಪತ್ನಾಲ್ಕು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸುತ್ತಾರಂತೆ.

ಬೆಳಿಗ್ಗೆ ಬೀರು ತೆಗೆದೆ. ಲಕೋಟೆಗೆ ಅಂಟೂ ಹಾಕಿರಲಿಲ್ಲ. ಒಳಗಿದ್ದದ್ದು ಒಂದೇ ಪುಟ: ಅಜ್ಜಿ ಸಂತೆಗೆ ಹೋಗಿ ಕೊಡೆ ಕೊಂಡು, ಮಳೆ ಬಂದಾಗ ಕೊಡೆ ನೆನೆಯುತ್ತದೆಂದು ಸೆರಗಿನಲ್ಲಿ ಮುಚ್ಚಿಕೊಂಡು ಬರುವ ಕಥೆ. ಹದಿನಾಲ್ಕು ಸಾಲು. ವಾದಿರಾಜ ನೋಡಿ, "ಮೇಡಂ, ಇದು ಬೇಕಾ?" ಎಂದ. "ಮನೆಗೆ ನೆಂಟ್ರು ಬರ್ತಾರೆ ಅಂದ್ರೆ ಕಸ ಗುಡಿಸಲ್ವೇನಯ್ಯ?" ಎಂದೆ. ಹನ್ನೆರಡೂವರೆಯವರೆಗೆ ಮೂರೂ ತರಗತಿಗೆ ಅಜ್ಜಿಯ ಕಥೆಯನ್ನು ಹೇಳಿಕೊಟ್ಟೆವು. ಹದಿನಾಲ್ಕು ಸಾಲು ನಮ್ಮ ಮಕ್ಕಳಿಗೆ ಯಾವ ಲೆಕ್ಕ?

ಜುಲೈ 1, ಸೋಮವಾರ

ಎಲ್ಲ ಸಾಂಗವಾಗಿ ಮುಗಿಯಿತು. ಮಕ್ಕಳು ಒಬ್ಬರಿಗಿಂತ ಒಬ್ಬರು ಜೋರು.

ಮಾನ್ಯ ಓದುವಾಗ ಒಂದು ತಮಾಷೆ ನಡೆಯಿತು. ಫ್ಯಾನಿನ ಗಾಳಿಗೆ ಮೇಜಿನ ಮೇಲಿದ್ದ ಹಾಳೆ ಮಗುಚಿಕೊಂಡಿತು. ಹುಡುಗಿ ನಿಲ್ಲಿಸಲೇ ಇಲ್ಲ. ಹಿಂಬದಿಯ ಖಾಲಿ ಹಾಳೆಯ ಮೇಲೆ ಬೆರಳು ಓಡಿಸುತ್ತಾ ಕೊಡೆ, ಮಳೆ, ಸೆರಗು ಎಲ್ಲವನ್ನೂ ಮುಗಿಸಿಯೇ ಬಿಟ್ಟಳು. ನಂದಿತಾ ಆ ಬೆರಳನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿಕೊಂಡು ನಕ್ಕೆ. ಇವರೂ ನಕ್ಕರು.

ಜುಲೈ 15, ಸೋಮವಾರ

ಪತ್ರ ಬಂತು. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೆರಡು ಮಕ್ಕಳು ಸರಾಗವಾಗಿ ಓದುತ್ತಾರೆ, ಐದು ಶಾಲೆಗಳಲ್ಲಿ ನಮ್ಮದೇ ಮೊದಲು ಅಂತ. ಅಭಿನಂದನೆಗಳು ಅಂತ. ಆದಕಾರಣ, ನಮ್ಮ ನೆರವು ಹೆಚ್ಚು ಅಗತ್ಯವಿರುವ ಬೇರೆ ಎರಡು ಶಾಲೆಗಳನ್ನು ಆರಿಸಿಕೊಂಡಿದ್ದೇವೆ ಅಂತ.

ಮೂರು ಸಲ ಓದಿದೆ. ಚೆನ್ನಾಗಿ ಓದುವ ಮಕ್ಕಳಿದ್ದರೆ ತಾನೇ ಯಾರಾದರೂ ಕೈ ಹಿಡಿಯುವುದು? ನಮ್ಮ ಇಲಾಖೆಯಲ್ಲಿ ಇಷ್ಟು ವರ್ಷ ಬಹುಮಾನ, ಬಣ್ಣ, ಬೆಂಚು ಎಲ್ಲ ಚೆನ್ನಾಗಿ ತೋರಿಸಿಕೊಂಡವರಿಗೇ ಬಂದದ್ದು. ಓದು ಬಾರದ ಶಾಲೆ ಬೇಕು ಅಂತ ಹುಡುಕಿಕೊಂಡು ಬರುವವರೂ ಇರುತ್ತಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಚಲುವರಾಜು ಫೋನಿನಲ್ಲಿ "ಕಂಗ್ರಾಟ್ಸ್ ಮೇಡಂ" ಅಂದು, ಹಿಂದೆಯೇ, "ವಿಲೀನದ ಲಿಸ್ಟ್ ಮಾತ್ರ ಹಂಗೇ ಇದೆ" ಎಂದರು.

ಜುಲೈ 16, ಮಂಗಳವಾರ

ಏನೂ ಬರೆಯಲು ಮನಸ್ಸಿಲ್ಲ. ವಾದಿರಾಜ ನನ್ನ ಮುಖ ನೋಡುತ್ತಿಲ್ಲ, ನಾನೂ ಅವನದು ನೋಡುತ್ತಿಲ್ಲ.

ಜುಲೈ 24, ಬುಧವಾರ

ಮಾನ್ಯಳ ಅಪ್ಪ ಮುತ್ತುರಾಜ್ ಬಂದಿದ್ದ. ತರಗುಪೇಟೆಯ ಬೇಳೆ ಮಂಡಿಯಲ್ಲಿ ಮೂಟೆ ಹೊರುವವನು. ನಮ್ಮಪ್ಪನ ಅಂಗಡಿಯೂ ಅಲ್ಲೇ ಇದ್ದದ್ದರಿಂದ ಆ ಕೆಲಸ ಬೆನ್ನಿಗೆ ಏನು ಮಾಡುತ್ತದೆ ಎಂದು ನೋಡಿ ಬೆಳೆದವಳು ನಾನು. ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡಿದ, ಕೂರಲು ಆಗುವುದಿಲ್ಲವಂತೆ.

"ಒಂದ್ ಅರ್ಜಿ ಬರ್ಕೊಡ್ಬೇಕಿತ್ತು ಮೇಡಂ."

"ನಿನ್ ಮಗಳೇ ಕ್ಲಾಸಿಗೆ ಫಸ್ಟು. ಅವಳ ಕೈಲೇ ಬರೆಸಪ್ಪ" ಎಂದೆ.

ಅವನು ಹಿಂಜರಿಯುತ್ತಾ ಹೇಳಿದ್ದು ಇಷ್ಟು. ಮಂಡಿಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ಹಮಾಲರ ಬೆನ್ನು ಪರೀಕ್ಷೆ ಮಾಡಲು ಭಾನುವಾರ ಡಾಕ್ಟರು ಬರುತ್ತಾರೆ, ಹೆಸರು ಬರೆಸಿದವರಿಗೆ ಆಪರೇಷನ್ ಉಚಿತ. ಇವನಿಗೆ ಓದು ಬಾರದು. ಫೋನಿನಲ್ಲಿ ಫೋಟೋ ಹಿಡಿದು ಮಗಳಿಗೆ ತೋರಿಸಿದ್ದಾನೆ. ಮಗಳು ಥಟ್ಟನೆ, "ಭಾನುವಾರ ಮಂಡಿಗೆ ರಜ ಅಂತ ಬರ್ದವ್ರೆ ಅಪ್ಪ" ಎಂದಿದ್ದಾಳೆ. ಇವನು ಮನೆಯಲ್ಲಿ ಮಲಗಿದ್ದಾನೆ. ಡಾಕ್ಟರು ಬಂದು ಹೋಗಿದ್ದಾರೆ. ಇನ್ನು ಅವರು ಬರುವುದು ಮುಂದಿನ ವರ್ಷ.

"ಮಗೀಗೆ ಏನೂ ಅನ್ಬೇಡಿ ಮೇಡಂ. ಅವ್ಳು ಓದ್ತಾಳೆ, ಆ ಚೀಟೀಲೇ ಏನೋ ಹೆಚ್ಚುಕಮ್ಮಿ ಇದ್ದಿರ್ಬೇಕು" ಎಂದ. ಹೇಗಾದರೂ ಅವನ ಹೆಸರು ಸೇರಿಸಿಕೊಳ್ಳಿ ಎಂದು ಡಾಕ್ಟರಿಗೆ ಅರ್ಜಿ ಬರೆದುಕೊಟ್ಟೆ.

ಅವನು ಹೋದ ಮೇಲೆ ಮಾನ್ಯಳನ್ನು ಕರೆದೆ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ, ಸ್ವಲ್ಪ ಜೋರಾಗಿಯೇ. ಅಳಲಿಲ್ಲ. ತಲೆ ಎತ್ತಿ ನೋಡಿ, "ಬರಲ್ಲ ಅಂತ ಯಾರ್ ಮುಂದೇನೂ ಹೇಳ್ಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಮಿಸ್" ಎಂದಳು.

ಮಧ್ಯಾಹ್ನ ಊಟ ಸೇರಲಿಲ್ಲ. ಅಡುಗೆಯ ಅಲಮೇಲು ಎರಡು ಸಲ ಬಂದು ಕೇಳಿ ಹೋದಳು.

ಜುಲೈ 25, ಗುರುವಾರ

ಪಠ್ಯಪುಸ್ತಕ ಬಿಟ್ಟು, ಅವರು ಯಾವತ್ತೂ ನೋಡದ ಒಂದು ಕಥೆಪುಸ್ತಕ ತಂದು, ಇಪ್ಪತ್ನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ನನ್ನ ಕೋಣೆಗೆ ಕರೆದು ಓದಿಸಿದೆ. ಮೂರು ಮಕ್ಕಳು ಓದಿದರು. ಉಳಿದವರಲ್ಲಿ ಕೆಲವರಿಗೆ ಅಕ್ಷರ ಗೊತ್ತು, ಕೂಡಿಸಲು ಗೊತ್ತಿಲ್ಲ. ನಾಲ್ಕು ಮಕ್ಕಳು ಚಿತ್ರ ನೋಡಿ ತಾವೇ ಕಥೆ ಕಟ್ಟಿ ಹೇಳಿದರು, ಅದೂ ಬೆರಳಿಟ್ಟುಕೊಂಡು. ಅಷ್ಟು ಚೆಂದವಾಗಿ ಕಟ್ಟಿದರು ಎಂದರೆ, ಕೇಳಿದರೆ ನಗು ಬರಬೇಕು. ನನಗೆ ಬರಲಿಲ್ಲ.

ಸಂಜೆ ಮನೆಯಲ್ಲಿ ಬಿಳಿ ಹಾಳೆ ತೆಗೆದುಕೊಂಡು ಶಿಕ್ಷಣಾಧಿಕಾರಿಗೆ ಪತ್ರ ಬರೆದೆ. ಜುಲೈ ಒಂದರ ಪರೀಕ್ಷೆಯ ಹಾಳೆಯನ್ನು ನಾನೇ ಮೊದಲು ತೆರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ, ಈ ಕೆಳಗಿನ ಇಪ್ಪತ್ತೊಂದು ಮಕ್ಕಳಿಗೆ ಓದಲು ಬರುವುದಿಲ್ಲ, ಇದಕ್ಕೆ ನಾನೊಬ್ಬಳೇ ಕಾರಣ. ಕೆಳಗೆ ಇಪ್ಪತ್ತೊಂದು ಹೆಸರು. ಮೊದಲನೆಯದು ಮಾನ್ಯಳದು. ಬರೆಯುವಾಗ ಅವರ ಮುಖಗಳು ಬರುತ್ತಿದ್ದವು, ನಿಲ್ಲಿಸಿ ನಿಲ್ಲಿಸಿ ಬರೆದೆ.

ನಮ್ಮ ಮನೆಯವರು ರೇವಣಸಿದ್ದಯ್ಯ ಕಾಟನ್‌ಪೇಟೆ ಅಂಗಡಿಯಿಂದ ಬಂದು ಓದಿ, ಕನ್ನಡಕ ತೆಗೆದಿಟ್ಟರು. "ಇನ್ ಹತ್ ತಿಂಗಳಿದೆ ಕಣೆ ನಿಂಗೆ. ಸುಮ್ನಿದ್ರೆ ಹಾರ ಹಾಕಿ ಕಳಿಸ್ತಾರೆ" ಎಂದರು. ಗೊತ್ತು ಎಂದೆ.

ಜುಲೈ 26, ಶುಕ್ರವಾರ

ರಜೆ ಹಾಕಿ ಎರಡು ಬಸ್ಸು ಬದಲಾಯಿಸಿ ವಿಶ್ವವಿದ್ಯಾಲಯಕ್ಕೆ ಹೋದೆ. ಮೈತ್ರೇಯಿ ಅವರಿಗೆ ಎಲ್ಲ ಹೇಳಿದೆ, ಎಡಗೈ ಬಲಗೈ ಸಮೇತ. ಹೇಳಿದರೆ ದೊಡ್ಡ ಮನಸ್ಸು ಮಾಡಿ ಮೆಚ್ಚಿಕೊಳ್ಳುತ್ತಾರೆ ಎಂದು ಒಳಗೊಳಗೆ ಅಂದುಕೊಂಡಿದ್ದೆನೋ ಏನೋ. ಅವರಿಗೆ ಸಿಟ್ಟು ಬಂತು.

"ಒಂದು ತಿಂಗಳ ಕೆಲಸ ಹಾಳ್ ಮಾಡಿದ್ರಿ. ನಿಮ್ ಶಾಲೆ ನೋಡಿದ್ ದಿನಾನೇ ಇದೇ ಬೇಕು ಅನ್ಕೊಂಡಿದ್ದೆ ನಾನು. ಆಮೇಲೆ ಈ ನಂಬರ್ ಬಂತು. ಈಗ ಆಯ್ಕೆ ಮುಗ್ದೋಗಿದೆ."

ತಪ್ಪಾಯಿತು ಎಂದೆ. ಅಧಿಕಾರಿಗಳು ಒಪ್ಪಿ ಪತ್ರ ಕೊಟ್ಟರೆ ಮೂರನೆಯ ಶಾಲೆಯಾಗಿ ಸೇರಿಸಲು ನೋಡುತ್ತೇನೆ, ಆದರೆ ವಾರಕ್ಕೆ ಮೂರು ದಿನ ಒಬ್ಬಳನ್ನು ಕಳಿಸುವುದಷ್ಟೇ ಸಾಧ್ಯ ಎಂದರು.

ಬಸ್‌ಸ್ಟಾಪಿನವರೆಗೆ ನಂದಿತಾ ಬಂದಳು. "ಮೇಡಂ, ಆ ಹಾಳೆ ತಿರುಗಿದಾಗ್ಲೇ ನಂಗ್ ಗೊತ್ತಾಯ್ತು. ಹೇಳಕ್ಕೆ ಭಯ ಆಯ್ತು."

"ಯಾರ ಭಯ?"

"ನಿಮ್ದೇ."

ಜುಲೈ 30, ಮಂಗಳವಾರ

ಚಲುವರಾಜು ನನ್ನ ಪತ್ರ ಓದಿ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಯಾರಾದ್ರೂ ಹಿಂಗೆ ಬರ್ಕೊಡ್ತಾರಾ ಮೇಡಂ? ಇದನ್ನ ಮೇಲಕ್ಕೆ ಕಳಿಸಿದ್ರೆ ಇಲಾಖಾ ವಿಚಾರಣೆ. ನಿಮ್ ಪೆನ್ಷನ್ ಫೈಲು ಎಷ್ಟ್ ವರ್ಷ ನಿಲ್ಲುತ್ತೋ ದೇವ್ರಿಗೇ ಗೊತ್ತು."

ಪತ್ರವನ್ನು ಮೇಜಿನ ಒಳಗಿಟ್ಟು ಬೀಗ ಹಾಕಿದರು. ಅವರು ಓದಿಲ್ಲ, ನಾನು ಕೊಟ್ಟಿಲ್ಲ ಅಂತ ಲೆಕ್ಕ. ವಿಶ್ವವಿದ್ಯಾಲಯಕ್ಕೆ ಬೇರೆ ಎರಡು ಸಾಲಿನ ಪತ್ರ ಬರೆದರು: ಪ್ರಾಯೋಗಿಕವಾಗಿ ಈ ಶಾಲೆಯನ್ನೂ ಸೇರಿಸಿಕೊಳ್ಳಬಹುದು. ವಿಲೀನವನ್ನು ಮಾರ್ಚ್‌ವರೆಗೆ ತಡೆಹಿಡಿಯುತ್ತಾರೆ. ಮಾರ್ಚ್ ಪರೀಕ್ಷೆಯಲ್ಲಿ ಸುಧಾರಣೆ ಕಂಡರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನನಗೆ ಸಮಾಧಾನವಾಯಿತು. ಶಾಲೆಗೂ ಒಂದು ಅವಕಾಶ ಸಿಕ್ಕಿತು, ನನ್ನ ಹೆಸರೂ ಉಳಿಯಿತು. ಬರೆಯಲು ನಾಚಿಕೆಯೇ, ಆದರೂ ಆಯಿತು ಸಮಾಧಾನ.

ಆಗಸ್ಟ್ 12, ಸೋಮವಾರ

ವಿಶ್ವವಿದ್ಯಾಲಯದವರ ಹೊಸ ಹಾಳೆ, ಹೊಸ ಪರೀಕ್ಷೆ. ಮೂರು. ಇಪ್ಪತ್ನಾಲ್ಕರಲ್ಲಿ ಮೂರು.

ಆಗಸ್ಟ್ 28, ಬುಧವಾರ

ವಾರಕ್ಕೆ ಮೂರು ದಿನ ಬರುವ ಈ ಹುಡುಗಿ ನಂದಿತಾಳ ಜೊತೆ ಜಗಳ. ಬೆಳಿಗ್ಗೆ ಎರಡು ಗಂಟೆ ತರಗತಿಗಳನ್ನು ಒಡೆದು, ಯಾರಿಗೆ ಎಷ್ಟು ಓದಲು ಬರುತ್ತದೋ ಅದರ ಪ್ರಕಾರ ಗುಂಪು ಮಾಡಬೇಕಂತೆ. ಅಕ್ಷರದ ಗುಂಪು, ಪದದ ಗುಂಪು, ವಾಕ್ಯದ ಗುಂಪು. ಅಂದರೆ ಐದನೇ ತರಗತಿಯ ಮಾನ್ಯ ಎರಡನೇ ತರಗತಿಯ ಮಕ್ಕಳ ಪಕ್ಕ ಕೂರಬೇಕು. "ಹನ್ನೊಂದು ವರ್ಷದ ಹುಡುಗಿಗೆ ಅವಮಾನ ಆಗಲ್ವೇನೆ?" ಎಂದು ಕೇಳಿದೆ. "ಓದಕ್ ಬರದೇ ಆರನೇ ಕ್ಲಾಸಿಗೆ ಹೋದ್ರೆ ಆಗೋ ಅವಮಾನ ಇದಕ್ಕಿಂತ ಕಮ್ಮಿನಾ ಮೇಡಂ?" ಎಂದಳು. ಎದುರುತ್ತರ! ಇನ್ನೊಂದು, ಮಕ್ಕಳೆಲ್ಲ ಇವಳನ್ನು ಅಕ್ಕ ಅನ್ನುತ್ತಾರೆ. ಶಾಲೆಯಲ್ಲಿ ಎಂಥ ಅಕ್ಕ?

ಗುಂಪು ಮಾಡಿದೆವು. ನಾನು ಹೆದರಿದ್ದೇ ಆಯಿತು. ಮಾನ್ಯ ಮೂರು ದಿನದಿಂದ ಬಂದಿಲ್ಲ. "ಬೀದೀಲಿ ಸಿಕ್ಕಿದ್ಲು, ಇನ್ಮೇಲೆ ಬರಲ್ವಂತೆ" ಎಂದು ಅಲಮೇಲು ಬಂದು ಹೇಳಿದಳು.

ಸೆಪ್ಟೆಂಬರ್ 3, ಮಂಗಳವಾರ

ನಿನ್ನೆ ಶಾಲೆ ಬಿಟ್ಟ ಮೇಲೆ ಮುತ್ತುರಾಜನ ಮನೆ ಹುಡುಕಿಕೊಂಡು ಹೋದೆ. ಐದನೇ ಮುಖ್ಯರಸ್ತೆಯ ಹಿಂದಿನ ವಠಾರ. ಹತ್ತು ವರ್ಷದಿಂದ ಆ ರಸ್ತೆಯಲ್ಲೇ ಓಡಾಡುತ್ತೇನೆ, ಒಳಗೆ ಹೋದದ್ದು ಮೊದಲ ಸಲ. ಮುತ್ತುರಾಜ್ ಕೆಲಸಕ್ಕೆ ಹೋಗಿದ್ದ. ಮಾನ್ಯ ನಲ್ಲಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ತಪ್ಪು ನಿಂದಲ್ಲ ಕಣೇ. ಐದು ವರ್ಷ ನಿಂಗೆ ಓದಕ್ಕೆ ಕಲಿಸ್ಲೇ ಇಲ್ಲ ನಾನು, ಬರೀ ಒಪ್ಪಿಸಕ್ಕೆ ಕಲಿಸ್ದೆ" ಎಂದೆ. ಅವಳು ಕೈಗೆ ಹತ್ತಿದ ಬೂದಿಯನ್ನು ಒರೆಸಿಕೊಂಡಳು. ಆಮೇಲೆ ಕೇಳಿದಳು, "ಚಿಕ್ಕೋರ್ ಜೊತೆ ನೀವೂ ಕೂತ್ಕೋತೀರಾ ಮಿಸ್?"

ಇವತ್ತು ಅಕ್ಷರದ ಗುಂಪಿನಲ್ಲಿ ನೆಲದ ಮೇಲೆ ಕುಳಿತೆ, ಮಾನ್ಯ ನನ್ನ ಪಕ್ಕದಲ್ಲಿ. ಏಳುವಾಗ ಮಂಡಿ ಕೈಕೊಟ್ಟಿತು. ವಾದಿರಾಜ ಒಂದು ಕಡೆ, ಅಲಮೇಲು ಒಂದು ಕಡೆ ಹಿಡಿದು ಎತ್ತಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಗದರಬೇಕೆಂದುಕೊಂಡೆ, ನನಗೂ ನಗು ಬಂದುಬಿಟ್ಟಿತು.

ನವೆಂಬರ್ 26, ಮಂಗಳವಾರ

ನಿನ್ನೆ ಬಸವನಗುಡಿಯ ಕಡಲೆಕಾಯಿ ಪರಿಷೆ. ಇವತ್ತು ಅರ್ಧ ಮಕ್ಕಳ ಚೀಲದಲ್ಲಿ ಕಡಲೆಕಾಯಿ, ಶಾಲೆ ತುಂಬ ಸಿಪ್ಪೆ. ಕಸದ ಬಗ್ಗೆ ಕೂಗಾಡೋಣವೆಂದು ಹೊರಗೆ ಬಂದರೆ, ಜಗುಲಿಯಲ್ಲಿ ಏಳೆಂಟು ಮಕ್ಕಳು ಪೊಟ್ಟಣದ ಪೇಪರ್ ಬಿಡಿಸಿಕೊಂಡು ಓದುತ್ತಿದ್ದಾರೆ. ಹಳೇ ಪತ್ರಿಕೆಯ ತುಂಡುಗಳು. ಒಬ್ಬನಿಗೆ ಸಿಮೆಂಟಿನ ಜಾಹೀರಾತು ಸಿಕ್ಕಿದೆ, ಇನ್ನೊಬ್ಬಳಿಗೆ ಅರ್ಧ ರಾಶಿಭವಿಷ್ಯ. ಮಾನ್ಯ "ಇಂದು ನಿಮ್ಮ ಕೆ-ಲ-ಸ, ಕೆಲಸಕ್ಕೆ ಅಡ್-ಡಿ" ಎಂದು ಓದಿ, ಮುಂದಿನದು ಹರಿದುಹೋಗಿದೆ ಎಂದು ಗೋಳಾಡುತ್ತಿದ್ದಳು. ಪಕ್ಕದವನ ಪೊಟ್ಟಣದಲ್ಲಿ ಉಳಿದರ್ಧ ಇರಬಹುದೆಂದು ಹುಡುಕಾಟ ಬೇರೆ.

ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸಿಪ್ಪೆ ಆಮೇಲೆ ನಾನೇ ಗುಡಿಸಿದೆ.

ಜನವರಿ 18, 2025, ಶನಿವಾರ

ನಮ್ಮ ನಂದಿತಾಗೆ ಜ್ವರ, ಈ ವಾರವಿಡೀ ಬರಲಿಲ್ಲ. ಗುಂಪುಗಳನ್ನು ನಾನೂ ವಾದಿರಾಜನೂ ನಡೆಸಿದೆವು. ಹಾಸ್ಟೆಲಿನ ಊಟ ತಿಂದರೆ ಇನ್ನೇನಾಗುತ್ತದೆ, ಮಲ್ಲೇಶ್ವರದಲ್ಲಿ ಮನೆ ಇಟ್ಟುಕೊಂಡು ಅಲ್ಲಿ ಇರುವುದು ಯಾಕೋ. ಸಾರಿನಪುಡಿ ಮಾಡಿ ಕಳಿಸಬೇಕು. ಮಾನ್ಯ ಈ ವಾರ ವಾಕ್ಯದ ಗುಂಪಿಗೆ ಬಂದಳು. ಅದನ್ನು ಹೇಳಲು ನಂದಿತಾಗೆ ಫೋನ್ ಮಾಡಿದರೆ ಎತ್ತಲಿಲ್ಲ.

ಮಾರ್ಚ್ 10, ಸೋಮವಾರ

ನಾಳೆ ಪರೀಕ್ಷೆ. ಚಲುವರಾಜು ಅವರೇ ಬಂದು ಕೂರುತ್ತಾರಂತೆ. ವಾದಿರಾಜ ಮೆಲ್ಲಗೆ, "ಮೇಡಂ, ಸ್ವಲ್ಪ ತಯಾರಿ..." ಎಂದ. ನಾನು ನೋಡಿದೆ. "ಇಲ್ಲ, ಬೆಂಚ್ ಒರೆಸೋದು ಅಂತ ಹೇಳ್ದೆ" ಎಂದ.

ಮಾರ್ಚ್ 11, ಮಂಗಳವಾರ

ಹಾಳೆ ಮೊಹರಾದ ಲಕೋಟೆಯಲ್ಲಿ ಬಂತು. ಮೈತ್ರೇಯಿ ಅವರೇ ಒಡೆದರು. ಗಿಣಿಯ ಹಾಗೆ ಒಪ್ಪಿಸಿದವರು ಯಾರೂ ಇಲ್ಲ. ತಡವರಿಸಿದರು, ಹಿಂದೆ ಹೋದರು, ಬೆವರಿದರು. ಜುಲೈಯಲ್ಲಿ ಅಜ್ಜಿ ಒಂದೇ ನಿಮಿಷದಲ್ಲಿ ಸಂತೆಗೆ ಹೋಗಿ ಬಂದಿದ್ದಳು. ಈ ಸಲ ಒಂದೊಂದು ಮಗುವೂ ಒಂದೊಂದು ಸಾಲಿನಲ್ಲಿ ಕೂತುಬಿಡುತ್ತಿತ್ತು. ಚಲುವರಾಜು ಎರಡು ಸಲ ಗಡಿಯಾರ ನೋಡಿದರು.

ಮಾನ್ಯಳಿಗೆ ಬಂದದ್ದು ವಿದ್ಯುತ್ ಬಗ್ಗೆ. ಐದು ಸಾಲು ಓದಿ, ಒಂದು ದೊಡ್ಡ ಒತ್ತಕ್ಷರದ ಪದದ ಮುಂದೆ ನಿಂತಳು. ಚಲುವರಾಜು ಕಾದರು. ಅವಳು ತಲೆ ಎತ್ತಿ, "ಇದು ನಂಗೆ ಬರಲ್ಲ ಸಾರ್. ಹೇಳ್ಕೊಡ್ತೀರಾ?" ಎಂದಳು.

ಅವರು ತಬ್ಬಿಬ್ಬಾಗಿ ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಹಾಳೆ ನೋಡಿ ಹೇಳಿಕೊಟ್ಟರು. ಹುಡುಗಿ ಆ ಪದವನ್ನು ಎರಡು ಸಲ ಹೇಳಿಕೊಂಡು ಮುಂದಕ್ಕೆ ಹೋದಳು. ಎಷ್ಟೊಂದು ಅಧಿಕಾರಿಗಳ ಮುಂದೆ ಎಷ್ಟೊಂದು ಮಕ್ಕಳನ್ನು ನಿಲ್ಲಿಸಿದ್ದೇನೆ, ಇವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಇಪ್ಪತ್ನಾಲ್ಕರಲ್ಲಿ ಹದಿಮೂರು.

ಮಾರ್ಚ್ 20, ಗುರುವಾರ

ಚಲುವರಾಜು ಕರೆಸಿದ್ದರು. ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು. ಇಲಾಖೆಯ ಲೆಕ್ಕದಲ್ಲಿ ಜುಲೈಯಲ್ಲಿ ನಮ್ಮ ಶಾಲೆ ಇಪ್ಪತ್ತೆರಡು, ಈಗ ಹದಿಮೂರು. ಪಕ್ಕದಲ್ಲಿ ಕೆಂಪು ಬಾಣ, ಕೆಳಮುಖವಾಗಿ.

"ವಿಶ್ವವಿದ್ಯಾಲಯ ಕಾಲಿಟ್ಮೇಲೆ ಶಾಲೆ ಇನ್ನೂ ಹಾಳಾಯ್ತು ಅಂತ ಓದ್ತಾರೆ ಮೇಲ್ನೋರು. ವಿಲೀನ ಗ್ಯಾರಂಟಿ."

"ಆಗಸ್ಟಿನಲ್ಲಿ ಮೂರು ಬಂದಿತ್ತಲ್ಲ ಸಾರ್?"

"ಜುಲೈದೂ ಅವ್ರ ಲೆಕ್ಕ, ಆಗಸ್ಟಿಂದೂ ಅವ್ರ ಲೆಕ್ಕ. ಜುಲೈದು ಯಾಕೆ ತಪ್ಪು ಅಂತ ಶಾಲೆಯಿಂದ ಬರವಣಿಗೇಲಿ ಏನೂ ಇಲ್ವಲ್ಲ ಮೇಡಂ."

ಆಮೇಲೆ ಅವರೇ ಬೀಗ ತೆಗೆದು ಆ ಪತ್ರವನ್ನು ಮೇಜಿನ ಮೇಲಿಟ್ಟರು. ಜುಲೈಯಲ್ಲಿ ಮಡಿಸಿದ ಹಾಗೇ ಇತ್ತು.

"ನಾನು ಇದನ್ನ ಕಳಿಸಲ್ಲ. ನಿಮ್ಗೆ ಕೆಡುಕು ಮಾಡೋ ಮನಸ್ಸಿಲ್ಲ ನಂಗೆ. ತಗೊಂಡ್ ಹೋಗಿ. ಹರಿದ್ ಹಾಕಿದ್ರೆ ಯಾರೂ ಕೇಳಲ್ಲ. ನಮ್ ಆಫೀಸಿನ ಟಪಾಲು ವಿಭಾಗಕ್ಕೆ ಕೊಟ್ರೆ ಮೊಹರು ಬಿದ್ದು ಸ್ವೀಕಾರ ಆಗತ್ತೆ, ಆಮೇಲೆ ನನ್ ಕೈಲೂ ಏನೂ ಇರಲ್ಲ. ಪಟ್ಟಿ ಸೋಮವಾರ ಹೋಗತ್ತೆ."

ಮನೆಗೆ ತಂದೆ. ಇವರಿಗೆ ತೋರಿಸಿದೆ. ಪೆನ್ಷನ್ ಬಂದ ಮೇಲೆ ಅಂಗಡಿ ಬಿಟ್ಟುಕೊಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು, ಇವರ ಕಣ್ಣು ಮೊದಲಿನ ಹಾಗಿಲ್ಲ. ಭಯವಾಗುತ್ತಿದೆ. ಜುಲೈಯಲ್ಲಿ ಬರೆದಾಗ ಸಿಟ್ಟಿತ್ತು, ಸಿಟ್ಟಿನಲ್ಲಿ ಬರೆಯುವುದು ಸುಲಭ. ಈಗ ಬರೀ ಭಯ.

ಇವರು ಪತ್ರ ಮಡಿಸಿ ನನ್ನ ಕೈಗಿಟ್ಟು, "ಅಂಗಡಿ ಇನ್ನೆರಡ್ ವರ್ಷ ನಡಸ್ಬೋದು ಬಿಡು. ನೋಡು, ನಿಂಗ್ ತೋಚಿದ್ ಮಾಡು" ಎಂದರು.

ಮಾರ್ಚ್ 21, ಶುಕ್ರವಾರ

ದಿನವಿಡೀ ಪತ್ರ ಶಾಲೆಯಲ್ಲಿ ನನ್ನ ಮೇಜಿನ ಮೇಲಿತ್ತು. 'ಎದ್ದು ಹೋಗು' ಎಂದು ನನಗೆ ನಾನೇ ನಾಲ್ಕು ಸಲ ಹೇಳಿಕೊಂಡೆ, ನಾಲ್ಕು ಸಲವೂ ಏನೋ ಕೆಲಸ ಬಂತು. ಕೆಲಸ ಬಂತೋ, ನಾನೇ ತಂದುಕೊಂಡೆನೋ.

ಶಾಲೆ ಬಿಟ್ಟ ಮೇಲೆ ಮಾನ್ಯ ಕೋಣೆಗೆ ಬಂದಳು. ಅಪ್ಪ ಕರೆದುಕೊಂಡು ಹೋಗಲು ಬರುವುದು ತಡವಂತೆ, ಇಲ್ಲೇ ಕೂರಲಾ ಎಂದಳು. ಕೂರು ಎಂದು ನಾನು ಬೀರುವಿನ ಕಡೆ ತಿರುಗಿದೆ. ಈಚೆಗೆ ಆ ಹುಡುಗಿಯ ಕಣ್ಣಿಗೆ ಅಕ್ಷರ ಬಿದ್ದರೆ ಸಾಕು, ಗೋಡೆಯಾಗಲಿ, ಬಿಸ್ಕತ್ತಿನ ಪೊಟ್ಟಣವಾಗಲಿ, ಬಿಡುವುದಿಲ್ಲ. ಹಿಂದಿನಿಂದ ದನಿ ಕೇಳಿತು.

"ಈ... ಕೆಳಗಿನ... ಇಪ್ಪತ್ತೊಂದು... ಮಕ್ಕಳಿಗೆ..."

ಕಸಿದುಕೊಳ್ಳಬೇಕೆಂದು ತಿರುಗಿದವಳು ನಿಂತುಬಿಟ್ಟೆ. ಬೆರಳಿಟ್ಟು, ಒಂದೊಂದೇ ಪದ ಬಿಡಿಸುತ್ತಾ, ನನ್ನ ಕೆಟ್ಟ ಕೈಬರಹವನ್ನು ಓದುತ್ತಿದ್ದಳು. "ಓದಲು... ಬರು-ವು-ದಿಲ್ಲ. ಇದಕ್ಕೆ... ನಾನೊಬ್ಬಳೇ... ಕಾರಣ." ಆಮೇಲೆ ಕೆಳಗಿನ ಪಟ್ಟಿಗೆ ಬಂದಳು. ಮೊದಲ ಹೆಸರಿನ ಮೇಲೆ ಬೆರಳು ನಿಂತಿತು. ಇನ್ನೊಂದು ಸಲ ಮೇಲಿನ ಸಾಲಿಗೆ ಹೋಗಿ ಓದಿ ಬಂದಳು. ಹಣೆ ಗಂಟಿಕ್ಕಿಕೊಂಡು ನನ್ನನ್ನು ನೋಡಿದಳು.

"ಮಿಸ್, ಇದ್ರಲ್ಲಿ ತಪ್ಪಾಗಿ ಬರ್ದಿದೀರ. ನಂಗೆ ಓದಕ್ ಬರತ್ತೆ."

ಅದು ಜುಲೈಯದು ಕಣೇ ಎಂದೆ. ಅವಳ ಕೈಯಿಂದ ಹಾಳೆ ತೆಗೆದುಕೊಂಡು ಲಕೋಟೆಗೆ ಹಾಕಿದೆ. ಮುತ್ತುರಾಜ್ ಬರುವವರೆಗೆ ಅವಳನ್ನು ನೋಡಿಕೊಳ್ಳುವಂತೆ ಅಲಮೇಲುಗೆ ಹೇಳಿ ಶಿಕ್ಷಣಾಧಿಕಾರಿಗಳ ಆಫೀಸಿಗೆ ಆಟೋ ಹಿಡಿದೆ. ಟಪಾಲಿನ ಗುಮಾಸ್ತ ಎದ್ದು ಹೊರಡುವುದರಲ್ಲಿದ್ದ. ಸೋಮವಾರ ಬನ್ನಿ ಎಂದ. ಇವತ್ತೇ ತೆಗೆದುಕೊಳ್ಳಬೇಕು ಎಂದೆ. ಗೊಣಗುತ್ತಾ ಮತ್ತೆ ಕುಳಿತು, ಮೊಹರಿನ ದಿನಾಂಕ ನೋಡಿಕೊಂಡು, ಪತ್ರದ ಮೇಲೆ ಒತ್ತಿದ.